ಬುಧವಾರದ ನಾಲ್ಕನೇ ಕುರ್ಚಿ

ಮ್ಯಾಂಚೆಸ್ಟರ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಎರಡೇ. ಒಂದು ಫುಟ್‌ಬಾಲ್, ಇನ್ನೊಂದು ದಾವಣಗೆರೆ. ‘ಕರ್ನಾಟಕದ ಮ್ಯಾಂಚೆಸ್ಟರ್ ______’ ಅಂತ ಬಿಟ್ಟ ಸ್ಥಳ ತುಂಬಿ ಒಂದು ಅಂಕ ಗಿಟ್ಟಿಸಿಕೊಂಡ ಮಕ್ಕಳಲ್ಲಿ ನಾನೂ ಒಬ್ಬಳು. ಅದೂ ದಾವಣಗೆರೆಯಲ್ಲೇ ಕೂತು. ಈಗ ಕೆಲಸದ ಮೇಲೆ ಅಸಲಿ ಮ್ಯಾಂಚೆಸ್ಟರಿಗೆ ಬಂದು ಎರಡು ವರ್ಷ ದಾಟಿದೆ.

ಇಲ್ಲಿಗೆ ಸ್ಟೇಡಿಯಂ ನೋಡೋಕೆ ಬರುವವರಿಗೆ ಲೆಕ್ಕವಿಲ್ಲ. ನಾನು ಹೇಳಹೊರಟಿರುವುದು ಯಾವ ಟೂರಿಸ್ಟ್ ನಕ್ಷೆಯಲ್ಲೂ ಇಲ್ಲದ ಒಂದು ಆಟದ ಬಗ್ಗೆ. ಪ್ರತಿ ಬುಧವಾರ ರಾತ್ರಿ ಎಂಟೂವರೆಗೆ, ಊರಿನ ದಕ್ಷಿಣ ಭಾಗದ ನಾಲ್ಕು ಪಬ್‌ಗಳಲ್ಲಿ, ಒಂದೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಎಂಟು ತಂಡಗಳು ಆಡುವ ಕ್ವಿಜ್ ಲೀಗ್. ನೋಡೋಕೆ ಪ್ರೇಕ್ಷಕರಿಲ್ಲ, ಗೆದ್ದರೆ ದುಡ್ಡಿಲ್ಲ. ಆದರೂ ಮಳೆ ಬರಲಿ, ಹಿಮ ಬೀಳಲಿ, ಜನ ತಪ್ಪಿಸೋದಿಲ್ಲ.

ಹಳದಿ ಬಸ್ಸಿನ ದಾರಿ

ಊರಿನ ಮಧ್ಯದಿಂದ ದಕ್ಷಿಣಕ್ಕೆ ಆಕ್ಸ್‌ಫರ್ಡ್ ರೋಡ್ ಹೊರಡುತ್ತದೆ. ಯೂನಿವರ್ಸಿಟಿ ದಾಟಿ ಸ್ವಲ್ಪ ದೂರ ಹೋದರೆ ಅದೇ ರಸ್ತೆ ವಿಲ್ಮ್‌ಸ್ಲೋ ರೋಡ್ ಆಗುತ್ತದೆ. ಹಳದಿ ಬಣ್ಣದ ಡಬಲ್ ಡೆಕ್ಕರ್ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಮೇಲಿನ ಮಹಡಿಯಲ್ಲಿ ಮುಂದಿನ ಸೀಟು ಸಿಕ್ಕರೆ ಅರ್ಧ ಊರು ನೋಡಿದ ಹಾಗೆ.

ಮೊದಲು ಸಿಗೋದು ರಷೋಮ್. ಕರಿ ಮೈಲ್ ಅಂತಲೇ ಹೆಸರುವಾಸಿಯಾದ ಜಾಗ. ಕಬಾಬ್ ಹೊಗೆ, ಮಿಠಾಯಿ ಅಂಗಡಿಗಳ ದೀಪ, ಮದುವೆ ಬಟ್ಟೆಯ ಶೋರೂಮು. ಆಮೇಲೆ ವಿದ್ಯಾರ್ಥಿಗಳು ತುಂಬಿಕೊಂಡಿರುವ ಫ್ಯಾಲೋಫೀಲ್ಡ್. ಅಲ್ಲಿಂದ ವಿದಿಂಗ್ಟನ್, ಕೊನೆಗೆ ಮರಗಳು ಜಾಸ್ತಿ, ಮನೆಗಳ ಬೆಲೆಯೂ ಜಾಸ್ತಿ ಇರುವ ಡಿಡ್ಸ್‌ಬರಿ. ನಮ್ಮ ಲೀಗಿನ ಪಬ್‌ಗಳು ಈ ರಸ್ತೆಯ ಅಕ್ಕಪಕ್ಕದಲ್ಲೇ ಇವೆ. ಕೆಂಪು ಇಟ್ಟಿಗೆಯ ಹಳೇ ಕಟ್ಟಡಗಳು. ಹೊರಗೆ ತೂಗುವ ಬೋರ್ಡು, ಒಳಗೆ ಹೂವಿನ ಚಿತ್ತಾರದ ಕಾರ್ಪೆಟ್ಟು, ಮೂಲೆಯಲ್ಲಿ ಯಾರದೋ ನಾಯಿ ಮಲಗಿರುತ್ತದೆ.

ಮೊದಲ ಸಲ ಈ ವಿಷಯ ಮನೆಗೆ ಹೇಳಿದಾಗ ಅಮ್ಮನ ದನಿ ತಣ್ಣಗಾಯಿತು. “ಪಬ್ಬಿಗಾ? ರಾತ್ರಿ ಹೊತ್ತು? ಅಲ್ಲೇನಮ್ಮ ಕೆಲಸ ನಿನಗೆ?”

ಎಂ.ಜಿ. ರೋಡಿನ ಪಬ್ಬಿಗೂ ಇಲ್ಲಿನ ಗಲ್ಲಿ ಪಬ್ಬಿಗೂ ಹೋಲಿಕೆಯೇ ಇಲ್ಲ ಅಂತ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಕಿವಿಗಡಚಿಕ್ಕುವ ಸಂಗೀತ ಇಲ್ಲ. 2007ರಿಂದ ಇಂಗ್ಲೆಂಡಿನ ಪಬ್‌ಗಳ ಒಳಗೆ ಸಿಗರೇಟು ಸೇದುವ ಹಾಗೂ ಇಲ್ಲ. ಪಕ್ಕದ ಮೇಜಿನಲ್ಲಿ ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ಉಲ್ಲನ್ ಹೆಣೀತಾ ಕೂತಿದ್ದರು. ನನ್ನ ಕೈಯಲ್ಲಿ ವಿಮ್ಟೊ. ಇದೇ ಊರಿನಲ್ಲಿ 1908ರಲ್ಲಿ ಹುಟ್ಟಿದ ದ್ರಾಕ್ಷಿ, ರಾಸ್‌ಬೆರಿ ಹಣ್ಣುಗಳ ಪಾನೀಯ ಅದು. ಚಳಿಗಾಲದಲ್ಲಿ ಬಿಸಿನೀರು ಬೆರೆಸಿ ಕೊಡ್ತಾರೆ. ಬಣ್ಣ ನೋಡಿ ಅಮ್ಮನಿಗೆ ಮತ್ತೆ ಅನುಮಾನ ಬಂತು. ಹಿಂದಿನಿಂದ ಅಪ್ಪ, “ಕೋಕಂ ಶರಬತ್ತು ಇದ್ದಂಗೆ ಐತೆ ಬಿಡೇ,” ಅಂದಮೇಲೆ ಸಮಾಧಾನವಾಯಿತು.

ಕುರ್ಚಿಗೊಂದು ಪ್ರಶ್ನೆ

ಇಂಗ್ಲೆಂಡಿನಲ್ಲಿ ಪಬ್ ಕ್ವಿಜ್ ಸಾಮಾನ್ಯ ಸಂಗತಿ. ವಾರದ ನಡುವಿನ ಖಾಲಿ ರಾತ್ರಿಗಳಲ್ಲಿ ಗಿರಾಕಿಗಳನ್ನು ಕರೆತರೋಕೆ ಅಂತ 1970ರ ದಶಕದಲ್ಲಿ ಬರ್ನ್ಸ್ ಆ್ಯಂಡ್ ಪೋರ್ಟರ್ ಎಂಬ ಕಂಪನಿ ಇದನ್ನು ದೊಡ್ಡದಾಗಿ ಹಬ್ಬಿಸಿತು. ಲೀಗ್ ಅದಕ್ಕಿಂತ ಹಳೆಯದು. 1950ರ ದಶಕದ ಕೊನೆಯ ಹೊತ್ತಿಗೇ ಲಿವರ್‌ಪೂಲ್ ಪಕ್ಕದ ಬೂಟಲ್ ಕಡೆ ತಂಡ ಕಟ್ಟಿಕೊಂಡು ಆಡುತ್ತಿದ್ದರು.

ಮಾಮೂಲಿ ಪಬ್ ಕ್ವಿಜ್‌ನಲ್ಲಿ ಮೇಜಿಗೊಂದು ಹಾಳೆ ಕೊಡ್ತಾರೆ. ಗೊತ್ತಿದ್ದವರು ಬರೀತಾರೆ, ಉಳಿದವರು ಚಿಪ್ಸ್ ತಿಂತಾರೆ. ಲೀಗಿನಲ್ಲಿ ಹಾಗೆ ಮರೆಯಲ್ಲಿ ಕೂರೋಕೆ ಆಗೋದಿಲ್ಲ. ನಿಯಮಗಳು ಲೀಗಿನಿಂದ ಲೀಗಿಗೆ ಬೇರೆ. ನಮ್ಮದು ಹೀಗಿದೆ: ತಂಡಕ್ಕೆ ನಾಲ್ಕು ಜನ, ಎದುರುಬದುರು ನಾಲ್ಕು ನಾಲ್ಕು ಕುರ್ಚಿ. ಎಂಟು ಸುತ್ತು, ಸುತ್ತಿಗೆ ಎಂಟು ಪ್ರಶ್ನೆ, ಒಟ್ಟು ಅರವತ್ನಾಲ್ಕು. ಒಂದು ಸುತ್ತಿನಲ್ಲಿ ಎಂಟು ಜನರಿಗೂ ಒಂದೊಂದು ಪ್ರಶ್ನೆ. ಅದು ನಿಮ್ಮ ಕುರ್ಚಿಯ ಪ್ರಶ್ನೆ. ಯಾರನ್ನೂ ಕೇಳದೆ ಸರಿ ಉತ್ತರ ಕೊಟ್ಟರೆ ಎರಡು ಅಂಕ. ತಂಡದವರ ಹತ್ತಿರ ಪಿಸುಗುಟ್ಟಿ ಕೊಟ್ಟರೆ ಒಂದು. ಅದೂ ತಪ್ಪಾದರೆ ಎದುರಿನವರಿಗೆ ಒಂದು ಅಂಕದ ಅವಕಾಶ.

ಇಷ್ಟೇ. ಆದರೆ ಇದರಲ್ಲೇ ಎಷ್ಟೊಂದು ಆಟ ಇದೆ ನೋಡಿ. ಉತ್ತರ ಗೊತ್ತಿರುವ ಗೆಳೆಯ ಪಕ್ಕದಲ್ಲೇ ಕೂತು ತುಟಿ ಕಚ್ಚಿಕೊಂಡಿರುತ್ತಾನೆ, ಬಾಯಿ ಬಿಡುವ ಹಾಗಿಲ್ಲ. ನಿಮಗೆ ಅರ್ಧ ಗೊತ್ತು. ಧೈರ್ಯ ಮಾಡಿ ಹೇಳಿಬಿಡೋದಾ, ಒಂದು ಅಂಕಕ್ಕೆ ಇಳಿದು ಕೇಳೋದಾ? ವಾರದಲ್ಲಿ ಎಂಟು ಸಲ ಆ ತೀರ್ಮಾನ ನಿಮ್ಮದೇ.

ಲೀಗಿನಲ್ಲಿ ಒಂಬತ್ತು ತಂಡ. ಪ್ರತಿ ವಾರ ಒಂದು ತಂಡ ಆಡುವುದಿಲ್ಲ, ಆ ವಾರದ ಪ್ರಶ್ನೆಪತ್ರಿಕೆ ತಯಾರಿಸುತ್ತದೆ. ಉಳಿದ ಎಂಟು ತಂಡ ನಾಲ್ಕು ಪಬ್‌ಗಳಲ್ಲಿ ಸೆಣಸುತ್ತವೆ. ಸೀಸನ್‌ಗೆ ಹದಿನೆಂಟು ವಾರ. ಪ್ರತಿ ತಂಡದ ಜೊತೆ ಎರಡು ಸಲ, ಒಮ್ಮೆ ನಮ್ಮ ಪಬ್‌ನಲ್ಲಿ, ಒಮ್ಮೆ ಅವರ ಪಬ್‌ನಲ್ಲಿ. ಆತಿಥೇಯ ಪಬ್‌ನವರು ಮಧ್ಯಂತರದಲ್ಲಿ ಸ್ಯಾಂಡ್‌ವಿಚ್ ಇಡುತ್ತಾರೆ. ಸಸ್ಯಾಹಾರಿಗಳಿಗೆ ಚೀಸ್ ಮತ್ತು ಈರುಳ್ಳಿ. ಕೆಲವು ಕಡೆ ಅದೇ ಹೂರಣದ ಬಿಸಿ ಪೈ ಸಿಗುತ್ತದೆ, ಲ್ಯಾಂಕಶೈರ್ ಕಡೆಯವರ ಅಚ್ಚುಮೆಚ್ಚು. ಚಿಪ್ಸ್ ಪ್ಯಾಕೆಟ್ಟನ್ನು ಉದ್ದಕ್ಕೆ ಸೀಳಿ, ಬೆಳ್ಳಿ ತಟ್ಟೆ ಹಾಗೆ ಮೇಜಿನ ನಡುವೆ ಹರಡೋದು ಇಲ್ಲಿನ ಸಂಪ್ರದಾಯ. ಎದುರಾಳಿಯೂ ಕೈ ಹಾಕಬಹುದು.

ಫೋನ್ ಎಲ್ಲರ ಜೇಬಿನಲ್ಲೂ ಇರುತ್ತದೆ. ಯಾರೂ ಕೇಳಿ ಇಸಿದುಕೊಳ್ಳೋದಿಲ್ಲ, ಯಾರೂ ತೆಗೆಯೋದೂ ಇಲ್ಲ. ದಿನಕ್ಕೆ ನೂರು ಸಲ ಸ್ಕ್ರೀನ್ ನೋಡುವ ನನ್ನಂಥವಳಿಗೆ ಎರಡು ಗಂಟೆ ಏನನ್ನೂ ಹುಡುಕದೆ, ತಲೆಯಲ್ಲಿ ಇರೋದರಲ್ಲೇ ಕಾಲ ಹಾಕೋದು ಮೊದಮೊದಲು ಕೈ ಕಟ್ಟಿದ ಹಾಗಿತ್ತು. ಈಗ ಆ ಎರಡು ಗಂಟೆಗೇ ಕಾಯುತ್ತೇನೆ.

ನಾಲ್ವರು

ನನ್ನನ್ನು ತಂಡಕ್ಕೆ ಸೇರಿಸಿದವರು ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಕೆಲಸ ಮಾಡುವ ಮಹಿಳೆ. ಕಾರ್ಡ್ ಮಾಡಿಸಿದ ಮೊದಲ ತಿಂಗಳು ನಾನು ಹಡಗು, ಅಣಬೆ, ರಷ್ಯಾದ ಚರಿತ್ರೆ ಅಂತ ಒಂದಕ್ಕೊಂದು ಸಂಬಂಧವಿಲ್ಲದ ಪುಸ್ತಕ ಒಯ್ಯೋದನ್ನ ಗಮನಿಸಿದ್ದಾರೆ. ಒಂದಿನ ಸೀಲು ಒತ್ತುತ್ತಾ, “ಬುಧವಾರ ಸಂಜೆ ಏನು ಮಾಡ್ತೀರಿ?” ಅಂದರು. ಅವರೇ ನಮ್ಮ ಕ್ಯಾಪ್ಟನ್.

ಎರಡನೆಯವನು ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಸಂಶೋಧನೆ ಮಾಡುವ ಹುಡುಗ. ವಿಜ್ಞಾನದ ಪ್ರಶ್ನೆ ಬಂದರೆ ತಡವರಿಸುತ್ತಾನೆ, ಒಪೆರಾ ಮತ್ತು ಮಕ್ಕಳ ಕಾರ್ಟೂನ್‌ನಲ್ಲಿ ಮಾತ್ರ ಪಂಡಿತ. ಮೂರನೆಯವರು ಎಪ್ಪತ್ತಾರು ವರ್ಷದ ನಿವೃತ್ತ ಬಸ್ ಡ್ರೈವರ್. ನಾನು ಬರುವ ವಿಲ್ಮ್‌ಸ್ಲೋ ರೋಡಿನಲ್ಲೇ ಜೀವಮಾನವೆಲ್ಲ ಬಸ್ ಓಡಿಸಿದವರು. ಇಲ್ಲಿ ಅಂಕಲ್, ಸರ್ ಅಂತೆಲ್ಲ ಕರೆಯೋ ಹಾಗಿಲ್ಲ, ಹೆಸರು ಹಿಡಿದೇ ಕೂಗಬೇಕು. ಬಾಯಲ್ಲಿ ಹೆಸರು ಹೇಳಿದರೂ ಮನಸ್ಸಿನಲ್ಲಿ ನನಗವರು ಡ್ರೈವರ್ ತಾತ. ಅವರು ನನ್ನನ್ನು ಕರೆಯೋದು ‘ಲವ್’ ಅಂತ. ಗಾಬರಿ ಬೇಡ, ಈ ಕಡೆ ತರಕಾರಿ ಅಂಗಡಿಯವರೂ ಹಾಗೇ ಕರೀತಾರೆ. ನಮ್ಮ ‘ಅವ್ವಾ’, ‘ತಾಯಿ’ ಇದ್ದ ಹಾಗೆ.

ನಾಲ್ಕನೇ ಕುರ್ಚಿ ತಾತನ ಹೆಂಡತಿಯದು. ಹನ್ನೊಂದು ವರ್ಷ ಅದರಲ್ಲಿ ಕೂತಿದ್ದರಂತೆ. ರಾಜಮನೆತನಗಳು, ಅಡುಗೆ, ಶೇಕ್ಸ್‌ಪಿಯರ್ ಅವರ ಪಾಲು. ಕ್ರೀಡೆ, ಹಳೇ ಪಾಪ್ ಹಾಡು, ಸಿನಿಮಾ ಇವರ ಪಾಲು. ಅವರು ತೀರಿಕೊಂಡ ಮೇಲೆ ಒಂದು ಇಡೀ ಸೀಸನ್ ಮೂರೇ ಜನ ಆಡಿದ್ದಾರೆ. ನಾಲ್ಕನೇ ಕುರ್ಚಿಯ ಪ್ರಶ್ನೆ ಬಂದಾಗ ಕೂಡಿ ಉತ್ತರ ಹೇಳಿ ಒಂದೊಂದು ಅಂಕ ತೆಗೆದುಕೊಂಡಿದ್ದಾರೆ. ಇದೆಲ್ಲ ನನಗೆ ತಿಳಿದದ್ದು ನಾಲ್ಕೈದು ವಾರದ ಮೇಲೆ, ಅದೂ ಎದುರು ತಂಡದವರೊಬ್ಬರಿಂದ. ತಾತ ಒಂದು ಮಾತೂ ಆಡಿರಲಿಲ್ಲ. ನಾನು ಮೊದಲ ದಿನ ಬಂದಾಗ ಕುರ್ಚಿ ಎಳೆದು ಕೊಟ್ಟವರು ಮಾತ್ರ ಅವರೇ.

ಕಾಯುವ ಹೊತ್ತು

ಕಳೆದ ಚಳಿಗಾಲದ ಹೊತ್ತಿಗೆ ತಾತನ ಆಟ ನಿಧಾನವಾಯಿತು. ಕಿವಿ ಸ್ವಲ್ಪ ಮಂದ, ಅದಕ್ಕೆ ಪರಿಹಾರ ಇತ್ತು. ಪ್ರಶ್ನೆ ಮತ್ತೊಮ್ಮೆ ಓದಿ ಅಂತ ಯಾರು ಬೇಕಾದರೂ ಕೇಳಬಹುದು. ಕಷ್ಟವಾಗಿದ್ದು ಹೆಸರುಗಳು. ಸಿನಿಮಾದ ಕಥೆ ಹೇಳ್ತಾರೆ, ಯಾವ ಥಿಯೇಟರಿನಲ್ಲಿ ನೋಡಿದ್ದು ಅಂತ ಹೇಳ್ತಾರೆ, ನಟನ ಹೆಸರು ಮಾತ್ರ ನಾಲಿಗೆ ತುದಿಯಿಂದ ಈಚೆ ಬರೋದಿಲ್ಲ. ಮೊದಲು ಎಂಟರಲ್ಲಿ ಆರು ಹೇಳುತ್ತಿದ್ದವರು ಮೂರಕ್ಕೆ ಬಂದರು. ನಾವು ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವರು.

ಅದೇ ಸಮಯಕ್ಕೆ ಒಬ್ಬ ವಿದ್ಯಾರ್ಥಿ ಕ್ಯಾಪ್ಟನ್‌ರನ್ನು ಸಂಪರ್ಕಿಸಿದ. ತನ್ನ ಕಾಲೇಜಿನ ‘ಯೂನಿವರ್ಸಿಟಿ ಚಾಲೆಂಜ್’ ತಂಡದ ಆಯ್ಕೆಗೆ ತಯಾರಿ ಮಾಡುತ್ತಿದ್ದ ಹುಡುಗ. ಆ ಟೀವಿ ಕಾರ್ಯಕ್ರಮಕ್ಕೂ ಈ ಊರಿಗೂ ಹಳೇ ನಂಟು. 1962ರಲ್ಲಿ ಅದನ್ನು ಶುರು ಮಾಡಿದ್ದು ಮ್ಯಾಂಚೆಸ್ಟರಿನ ಗ್ರಾನಡಾ ಟೆಲಿವಿಷನ್. ಈಗ 2023ರಿಂದ ಅದನ್ನು ನಡೆಸಿಕೊಡುವ ಅಮೋಲ್ ರಾಜನ್ ಹುಟ್ಟಿದ್ದು ಕೋಲ್ಕತ್ತದಲ್ಲಿ. ಹುಡುಗ ಪ್ರಚಂಡ. ಅವನು ಬಂದರೆ ನಾವು ಪಟ್ಟಿಯಲ್ಲಿ ಮೇಲೇರೋದು ಖಚಿತ. ಆದರೆ ಇರೋದು ನಾಲ್ಕೇ ಕುರ್ಚಿ.

ಕ್ಯಾಪ್ಟನ್ ಮುಚ್ಚಿಡಲಿಲ್ಲ. ಪಂದ್ಯಕ್ಕೆ ಮುಂಚೆ ನಾಲ್ವರ ಎದುರೇ ವಿಷಯ ಇಟ್ಟರು. ತಾತ ತಕ್ಷಣ, “ಹುಡುಗ ಆಡಲಿ. ನಾನು ಸ್ಕೋರ್ ಬರ್ಕೋತೀನಿ,” ಅಂದರು. ದನಿಯಲ್ಲಿ ಬೇಜಾರು ಇರಲಿಲ್ಲ, ಅದೇ ನಮಗೆ ಬೇಜಾರಾಗಿದ್ದು. ಫಿಸಿಕ್ಸ್ ಹುಡುಗ ಗ್ಲಾಸು ಕೆಳಗಿಟ್ಟು, “ನೀವು ಸ್ಕೋರ್ ಬರೆದ್ರೆ ಯಾರಿಗೂ ಓದೋಕಾಗಲ್ಲ. ನಿಮ್ಮ ಅಕ್ಷರ ಹಾಗಿದೆ,” ಅಂದ. ಕ್ಯಾಪ್ಟನ್ ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ವಿದ್ಯಾರ್ಥಿ ಬೇರೆ ತಂಡ ಸೇರಿದ. ಮೂರು ವಾರದ ಮೇಲೆ ಅದೇ ತಂಡ ನಮ್ಮನ್ನು 51–36ರಲ್ಲಿ ಮಣಿಸಿತು.

ಆ ರಾತ್ರಿಯ ಆರನೇ ಸುತ್ತು ನನಗೆ ಚೆನ್ನಾಗಿ ನೆನಪಿದೆ. ತಾತನ ಕುರ್ಚಿಗೆ ಬಂದ ಪ್ರಶ್ನೆ: “1980ರಲ್ಲಿ ‘ಮಾಸ್ಟರ್‌ಮೈಂಡ್’ ಗೆದ್ದ ಲಂಡನ್ನಿನ ಟ್ಯಾಕ್ಸಿ ಚಾಲಕ ಯಾರು?”

ತಾತ ಕಣ್ಣು ಮುಚ್ಚಿದರು. “ಗೊತ್ತು. ನಾವಿಬ್ಬರೂ ಕೂತು ನೋಡಿದ್ವಿ,” ಅಂದರು. ಆಮೇಲೆ ಮೌನ. ಪ್ರಶ್ನೆ ಓದುವವರು ಗಡಿಯಾರ ನೋಡಲಿಲ್ಲ. ಎದುರಿನ ನಾಲ್ವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆ ವಿದ್ಯಾರ್ಥಿಗೆ ಉತ್ತರ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಅವನೂ ಮೇಜು ನೋಡುತ್ತಾ ಕೂತ. ಎಷ್ಟು ಹೊತ್ತೋ. ಬಾರ್ ಕಡೆಯಿಂದ ಗ್ಲಾಸು ತೊಳೆಯುವ ಸದ್ದು ಮಾತ್ರ.

“ಹೌಸ್‌ಗೋ. ಫ್ರೆಡ್ ಹೌಸ್‌ಗೋ.”

ಎರಡು ಅಂಕ. ಮೇಜನ್ನು ಮೊದಲು ತಟ್ಟಿದ್ದು ಎದುರು ತಂಡದವರು. ಬಸ್ಸು ಓಡಿಸಿದವರು ಟ್ಯಾಕ್ಸಿ ಓಡಿಸಿದವನ ಹೆಸರು ಮರೆಯಲಿಲ್ಲ ಅಂತ ಆಮೇಲೆ ಎಲ್ಲರೂ ತಮಾಷೆ ಮಾಡಿದರು.

ಎಷ್ಟೊಂದು ಮ್ಯಾಂಚೆಸ್ಟರ್

ಕೆಲವು ಸುತ್ತುಗಳಲ್ಲಿ ಒಂದು ಗುಟ್ಟು ಇರುತ್ತದೆ. ಎಂಟೂ ಉತ್ತರಗಳನ್ನು ಬೆಸೆಯುವ ಎಳೆ ಏನು ಅಂತ ನೀವೇ ಕಂಡುಹಿಡಿಯಬೇಕು. ಎಳೆ ಸಿಕ್ಕರೆ ಉಳಿದ ಪ್ರಶ್ನೆ ಸಲೀಸು. ಮಾರ್ಚ್ ತಿಂಗಳ ಒಂದು ಪಂದ್ಯದಲ್ಲಿ ಹೀಗಾಯಿತು. ಗಾಂಧೀಜಿಯ ಸಾಬರಮತಿ ಆಶ್ರಮ ಯಾವ ಊರಲ್ಲಿದೆ ಅನ್ನೋ ಪ್ರಶ್ನೆ ಎದುರಿನವರಿಗೆ ಹೋಯಿತು. ನನ್ನ ಪಾಲಿಗೆ ಬಂದದ್ದು ಫಿನ್‌ಲ್ಯಾಂಡಿನ ಮೂಮಿನ್ ಮ್ಯೂಸಿಯಂ ಇರುವ ಊರು. ನಮ್ಮ ಕಾರ್ಟೂನ್ ಪಂಡಿತ ಪಿಸುಗುಟ್ಟಿದ, ಟಾಂಪೆರೆ ಅಂತ ಒಂದು ಅಂಕ ಸಿಕ್ಕಿತು. 1953ರಿಂದ 1990ರವರೆಗೆ ಕಾರ್ಲ್ ಮಾರ್ಕ್ಸ್ ಸ್ಟಾಟ್ ಅಂತ ಕರೆಸಿಕೊಂಡ ಜರ್ಮನ್ ಊರು? ಕೆಮ್ನಿಟ್ಸ್. ನೊಯ್ಯಲ್ ನದಿಯ ದಂಡೆಯ ತಮಿಳು ನಗರ? ಕೊಯಮತ್ತೂರು. 1970 ಮತ್ತು 2025ರ ವಿಶ್ವ ಮೇಳ ನಡೆದ ಜಪಾನಿನ ನಗರ? ಒಸಾಕಾ.

ಅಹಮದಾಬಾದ್ ಮತ್ತು ಕೊಯಮತ್ತೂರು ಒಟ್ಟಿಗೆ ಕೇಳಿದ ದಾವಣಗೆರೆಯವರಿಗೆ ಇನ್ನೇನು ಬೇಕು? ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ‘ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರುಗಳು! ಕೊನೆಯ ಪ್ರಶ್ನೆ ಪೋಲೆಂಡಿನದು. ಎಳೆ ಗೊತ್ತಾಗಿದ್ದರಿಂದ ಕ್ಯಾಪ್ಟನ್ ಯೋಚಿಸದೆ ‘ವುಚ್’ ಅಂದರು. ಹತ್ತಿ ಗಿರಣಿಗಳ ಇನ್ನೊಂದು ಊರು.

ಪಂದ್ಯ ಮುಗಿದ ಮೇಲೆ, “ನಮ್ಮೂರು ಬಿಟ್ಟುಹೋಯ್ತು,” ಅಂದೆ. ದಾವಣಗೆರೆ ಅನ್ನೋ ಹೆಸರು ಆ ಕಾರ್ಪೆಟ್ಟಿನ ಮೇಲೆ ಮೊದಲ ಸಲ ಬಿದ್ದಿರಬೇಕು. ಎಂಟು ಜನ ತಿರುಗಿ ಕೂತರು. ಗಿರಣಿಗಳ ಕಥೆ ಹೇಳಿದೆ, ಬೆಣ್ಣೆ ದೋಸೆಯ ಕಥೆಯನ್ನೂ ಹೇಳಿದೆ. ಎದುರು ತಂಡದಲ್ಲಿದ್ದ ನಿವೃತ್ತ ಇತಿಹಾಸ ಮೇಷ್ಟ್ರು ಇನ್ನೊಂದು ತುದಿಯಿಂದ ದಾರ ಹಿಡಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಲ್ಲಿಗೆ ಹತ್ತಿ ಬರೋದು ನಿಂತುಹೋಯಿತು. ಗಿರಣಿಗಳು ಮುಚ್ಚಿ ಲ್ಯಾಂಕಶೈರಿನ ಕಾರ್ಮಿಕರು ಹಸಿವಿನಿಂದ ಕಂಗೆಟ್ಟರು. ಹಾಗಿದ್ದೂ ಗುಲಾಮಗಿರಿಯ ವಿರುದ್ಧ ನಿಂತ ಇಲ್ಲಿನ ದುಡಿಯುವ ಜನರಿಗೆ ಅಬ್ರಹಾಂ ಲಿಂಕನ್ 1863ರ ಜನವರಿಯಲ್ಲಿ ಪತ್ರ ಬರೆದ. ಊರಿನ ಮಧ್ಯದ ಲಿಂಕನ್ ಸ್ಕ್ವೇರಿನಲ್ಲಿ ಅವನ ಪ್ರತಿಮೆ ಇವತ್ತಿಗೂ ಇದೆ.

ಅದೇ ಕಾಲದಲ್ಲಿ ಇಲ್ಲಿನ ಗಿರಣಿ ಮಾಲೀಕರ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸೋಕೆ ಕಾರವಾರದಲ್ಲಿ ಬಂದರು ಬೇಕು, ಘಟ್ಟ ಇಳಿಯುವ ರಸ್ತೆ ಬೇಕು ಅಂತ ಮ್ಯಾಂಚೆಸ್ಟರಿನವರು ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ನೂಲೂ ಇತ್ತು. ಶಾಲೆಯಲ್ಲಿ ಇದನ್ನೆಲ್ಲ ನಾನು ಬೇರೆ ಬೇರೆ ಪಾಠಗಳಲ್ಲಿ ಓದಿದ್ದೆ. ಒಂದೇ ಮೇಜಿನ ಮೇಲೆ ಎರಡು ತುದಿಯೂ ಕೂಡಿದ್ದು ಆವತ್ತೇ.

ಮನೆಗೆ ಹೊರಡುವಾಗ ಕ್ಯಾಪ್ಟನ್ ಅಂದರು: “ಎರಡು ವಾರ ಬಿಟ್ಟು ಪೇಪರ್ ನಮ್ಮದು. ನಿನ್ನ ಊರಿಂದ ಏನಾದ್ರೂ ತಾ.”

ಅಪ್ಪನ ಪ್ರಶ್ನೆ

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯ ಸ್ಟೋರ್ಸ್‌ನಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೆ ಅಂಗಡಿಗಳ ಲೆಕ್ಕ ಬರೆದು ನಮ್ಮನ್ನು ಓದಿಸಿದರು. ಪೇಪರಿನ ಒಂದು ಮೂಲೆಯನ್ನೂ ಬಿಡದೆ ಓದುವ ಮನುಷ್ಯ. ಚಂದನ ವಾಹಿನಿಯಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ನಮ್ಮ ಮನೆಯಲ್ಲಿ ಸಂಧ್ಯಾವಂದನೆಯ ಹಾಗೆ. ಡಾ. ನಾ. ಸೋಮೇಶ್ವರ ಪ್ರಶ್ನೆ ಮುಗಿಸುವ ಮೊದಲೇ ಅಪ್ಪನ ಉತ್ತರ ಬಂದಿರುತ್ತದೆ. ಸರಿ ಉತ್ತರಕ್ಕೆ ಅಲ್ಲಿ ಪುಸ್ತಕ ಕೊಡ್ತಾರೆ, ಮನೆಯಲ್ಲಿ ಅಮ್ಮ “ಊಟಕ್ಕೆ ಏಳ್ರಿ” ಅಂತಾಳೆ.

ನಮ್ಮಲ್ಲಿ ಇಂಥ ತಿಳಿವಳಿಕೆಗೆ ‘ಜಿ.ಕೆ.’ ಅಂತ ಹೆಸರು. ಅದಕ್ಕೊಂದು ಗೈಡು, ಒಂದು ಕೋಚಿಂಗ್ ಕ್ಲಾಸು, ಒಂದು ಕಟ್ ಆಫ್. ಕೆಲಸ ಸಿಕ್ಕ ದಿನ ಗೈಡು ರದ್ದಿಗೆ ಹೋಗುತ್ತದೆ. ಶಾಲೆ ಕಾಲೇಜಿನ ಕ್ವಿಜ್‌ಗಳಿವೆ, ಬೆಂಗಳೂರಿನಲ್ಲಿ 1983ರಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿಟ್ಟು ಕ್ವಿಜ್ ನಡೆಸುತ್ತಾ ಬಂದಿದೆ. ಆದರೆ ನಮ್ಮ ಬಡಾವಣೆಯಲ್ಲಿ ಅಪ್ಪನಂಥ ಎಪ್ಪತ್ತರ ಗುಮಾಸ್ತರಿಗೆ ಇದು ನಿಮ್ಮ ಕುರ್ಚಿ, ಇದು ನಿಮ್ಮ ಪ್ರಶ್ನೆ ಅಂತ ವಾರಕ್ಕೊಮ್ಮೆ ಹೇಳುವವರು ಯಾರಿದ್ದಾರೆ? ಪರೀಕ್ಷೆ ಮುಗಿದ ಮೇಲೂ ಗೊತ್ತಿರೋದಕ್ಕೆ ಒಂದು ಜಾಗ ಬೇಕು ಅಂತ ನನಗನ್ನಿಸಿದ್ದು ಈ ಪಬ್ಬಿನಲ್ಲಿ ಕೂತಾಗ.

ಅಪ್ಪನಿಗೆ ಫೋನ್ ಮಾಡಿ ಒಂದು ಪ್ರಶ್ನೆ ಬೇಕು ಅಂದೆ. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ವಾಟ್ಸಾಪ್‌ನಲ್ಲಿ ಹಾಳೆಯ ಫೋಟೋ ಬಂತು, ಸ್ಟೋರ್ಸ್ ಲೆಡ್ಜರಿನ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ.

ಅವರ ಗಿರಣಿಯ ಹಳೇ ಯಂತ್ರಗಳ ಮೇಲೆ ‘ಪ್ಲ್ಯಾಟ್ ಬ್ರದರ್ಸ್, ಓಲ್ಡ್‌ಹ್ಯಾಮ್’ ಅಂತ ಎರಕ ಹೊಯ್ದ ಹೆಸರು ಇರುತ್ತಿತ್ತಂತೆ. ಓಲ್ಡ್‌ಹ್ಯಾಮ್ ಇಲ್ಲಿಂದ ಟ್ರಾಮಿನಲ್ಲಿ ಹೋಗಿಬರುವಷ್ಟು ಹತ್ತಿರ. ಲೋಕಕ್ಕೆಲ್ಲ ಗಿರಣಿ ಯಂತ್ರ ಕಳಿಸಿದ ಕಂಪನಿ ಅದು. ಅಪ್ಪನ ಪ್ರಶ್ನೆ: “1929ರಲ್ಲಿ ಓಲ್ಡ್‌ಹ್ಯಾಮಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ, ಜಪಾನಿನ ಒಂದು ಕುಟುಂಬದ ಕಂಪನಿಯಿಂದ ಸ್ವಯಂಚಾಲಿತ ಮಗ್ಗದ ಪೇಟೆಂಟ್ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಆ ಕುಟುಂಬದ ಹೆಸರಿನ ಒಂದು ಅಕ್ಷರ ಬದಲಾಗಿ ಇವತ್ತು ರಸ್ತೆಯಲ್ಲಿ ಓಡಾಡುತ್ತಿದೆ. ಯಾವುದು?”

ಟೊಯೋಡಾ, ಟೊಯೋಟಾ. ಮಗ್ಗ ಮಾಡುತ್ತಿದ್ದವರು ಆ ಹೊತ್ತಿಗೆ ಕಾರಿನ ಕಡೆ ಹೊರಳುತ್ತಿದ್ದರು. ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇಟ್ಟಿರುವವರೂ ಅವರೇ.

ಕ್ಯಾಪ್ಟನ್ ಹಾಳೆ ನೋಡಿ, “ಇದು ಪ್ರಶ್ನೆ ಅಂದ್ರೆ,” ಅಂದರು. ಪೇಪರ್ ತಯಾರಿಸೋಕೆ ಕೂತಾಗ ಕಲಿತದ್ದು ಇದನ್ನೇ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ ಅನ್ನುವ ಪ್ರಶ್ನೆ ಸಪ್ಪೆ. ಗೊತ್ತಿಲ್ಲದವನೂ ಸುಳಿವು ಹಿಡಿದು ನಡೆದು ಬರುವಂತಿರಬೇಕು. ಜಪಾನ್, ಕುಟುಂಬ, ರಸ್ತೆ, ಒಂದು ಅಕ್ಷರ. ಮಗ್ಗವನ್ನೇ ನೋಡದವರೂ ಉತ್ತರ ಮುಟ್ಟಬಹುದು.

ಆದರೆ ಪ್ರಶ್ನೆಗಳು ಜೋಡಿಯಾಗಿ ಬರಬೇಕು. ಒಂದು ತಂಡದ ಮೊದಲ ಕುರ್ಚಿಗೆ ಬಂದ ಪ್ರಶ್ನೆಯಷ್ಟೇ ಕಷ್ಟದ್ದು ಎದುರಿನ ಮೊದಲ ಕುರ್ಚಿಗೂ ಬರದಿದ್ದರೆ ಜಗಳ. ಟೊಯೋಟಾಗೆ ಜೋಡಿ ಯಾವುದು? ರೋಲ್ಸ್ ಮತ್ತು ರಾಯ್ಸ್ 1904ರ ಮೇ 4ರಂದು ಮೊದಲ ಸಲ ಭೇಟಿಯಾಗಿದ್ದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ. ಕಾರಿನ ಹೆಸರು ಕೇಳಿದರೆ ತೀರಾ ಸುಲಭ ಅಂತ ಫಿಸಿಕ್ಸ್ ಹುಡುಗ. ಹೋಟೆಲ್ ಹೆಸರು ಕೇಳೋಣ ಅಂತ ತಾತ, “ಅದರ ಮುಂದೆ ಎಷ್ಟು ಸಲ ಬಸ್ ತಿರುಗಿಸಿದ್ದೀನಿ.” ಮುಕ್ಕಾಲು ಗಂಟೆ ಚರ್ಚೆಯಾಗಿ ಹೋಟೆಲ್ ಗೆದ್ದಿತು. ಅರವತ್ನಾಲ್ಕು ಪ್ರಶ್ನೆಗೆ ಮೂರು ಸಂಜೆ ಹಿಡಿಯಿತು.

ನಾಲ್ಕು ಪಬ್, ಒಂದು ರಾತ್ರಿ

ಪೇಪರ್ ಕೊಟ್ಟ ತಂಡಕ್ಕೆ ಆವತ್ತು ಆಟವಿಲ್ಲ. ನಾವು ನಾಲ್ವರು ನಾಲ್ಕು ಪಬ್‌ಗಳಿಗೆ ಹಂಚಿಹೋದೆವು, ಸುಮ್ಮನೆ ಮೂಲೆಯಲ್ಲಿ ಕೂತು ಕೇಳೋಕೆ. ನಾನು ಡಿಡ್ಸ್‌ಬರಿ ಕಡೆ. ಎರಡನೇ ಸುತ್ತಿನಲ್ಲಿ ಅಪ್ಪನ ಪ್ರಶ್ನೆ ಬಂತು. ಪ್ರಶ್ನೆ ಹೋದ ಕುರ್ಚಿಯಲ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು. “ಮಗ್ಗ... ಜಪಾನು...” ಅಂತ ಬೆರಳಿನಿಂದ ಮೇಜಿನ ಮೇಲೆ ಏನೋ ಬರೆದರು, ಒಂದು ಅಕ್ಷರ ಅಳಿಸಿದರು, ಇನ್ನೊಂದು ಬರೆದರು. ಆಮೇಲೆ ಮುಖ ಅರಳಿತು. ಅವರು ಉತ್ತರ ಹೇಳುವ ಮೊದಲೇ ನನಗೆ ಗೊತ್ತಾಯಿತು, ಮುಟ್ಟಿದರು ಅಂತ.

ಹನ್ನೊಂದರ ಹೊತ್ತಿಗೆ ನಮ್ಮ ಗ್ರೂಪಿನಲ್ಲಿ ಒಂದೊಂದೇ ಸುದ್ದಿ ಬಂತು. ಫಿಸಿಕ್ಸ್ ಹುಡುಗ ಹೋದಲ್ಲಿ ಪಿಸುಗುಟ್ಟಿ ಒಂದು ಅಂಕ. ಕ್ಯಾಪ್ಟನ್ ಹೋದಲ್ಲಿ ಎರಡು. ತಾತ ಹೋಗಿದ್ದ ಪಬ್‌ನಲ್ಲಿ ‘ಹೋಂಡಾ’ ಅಂದು, ಎದುರಿನವರು ಸರಿ ಹೇಳಿ ಅಂಕ ಕಸಿದರಂತೆ. ಸುದ್ದಿಯ ಕೊನೆಗೆ ತಾತ ಒಂದು ಸಾಲು ಸೇರಿಸಿದ್ದರು: “ಇದನ್ನ ಬರೆದವರು ಯಾರು ಅಂತ ಇಲ್ಲಿ ಎಲ್ಲರೂ ಕೇಳ್ತಿದ್ದಾರೆ. ನಮ್ಮ ಐದನೇ ಪ್ಲೇಯರ್ ಅಂತ ಹೇಳಿದ್ದೀನಿ.”

ಆಗ ದಾವಣಗೆರೆಯಲ್ಲಿ ಬೆಳಗಿನ ಜಾವ. ಅಪ್ಪ ಏಳುವ ಹೊತ್ತು ನೋಡಿಕೊಂಡು ಫೋನ್ ಮಾಡಿ ನಾಲ್ಕೂ ಪಬ್ಬಿನ ವರದಿ ಒಪ್ಪಿಸಿದೆ. ನಡುವೆ ಒಂದು ಸಲವೂ “ಹೂಂ” ಅನ್ನಲಿಲ್ಲ, ಕೇಳಿಸಿಕೊಂಡರು.

“ನಾಲ್ಕು ಕಡೆ ಮೂರು ಕಡೆ ಹೇಳಿಬಿಟ್ರಾ?” ಅಂದರು ಕೊನೆಗೆ. “ಹಂಗಾದ್ರೆ ಸ್ವಲ್ಪ ಸುಲಭ ಆತು. ಮುಂದಿನ ಪೇಪರ್ ಯಾವಾಗಮ್ಮ ನಿಮ್ದು?”